ಪ್ರಚಾರ, ಮರ್ಯಾದೆ, ಸಾಮಂತ: ಸಾಧಾರಣಮಾರ್ಗದ ವಿವಾದಗಳನ್ನು ಕುರಿತ ಒಂದು ವಿಚಾರ

ನೆರೆಹೊರೆಯವರಲ್ಲಿ ಹುಟ್ಟುವ ವ್ಯಾಜ್ಯಗಳು ಬಹುವಿಧವಾಗಿರುವುವಷ್ಟೆ. ಅವುಗಳಲ್ಲಿ ಎರಡು ಮನೆಗಳಿಗೆ ಸಾಧಾರಣವಾದ ಹಾದಿಯನ್ನು ಕುರಿತ ವ್ಯಾಜ್ಯವು ಉಳಿದವುಗಳಿಗಿಂತ ವಿಲಕ್ಷಣವಾದುದು. ಸಾಲದ ವ್ಯಾಜ್ಯದಲ್ಲಿ ಹಣವು ಸಂದ ಮೇಲೆ ಧನಿಕನೂ ಋಣಿಯೂ ಒಬ್ಬರ ಮುಖವನ್ನೊಬ್ಬರು ನೋಡದೆಯೇ ಆಯುಸ್ಸನ್ನು ಕಳೆಯಬಹುದು. ಹಾದಿಯ ವ್ಯಾಜ್ಯದಲ್ಲಿಯಾದರೋ ಗೆದ್ದವನೂ ಸೋತವನೂ ತೀರ್ಪಾದ ಮರುದಿನ ಬೆಳಗ್ಗೆ ಅದೇ ಹಾದಿಯಲ್ಲಿ ಎದುರುಬದುರಾಗಿ ಬರಬೇಕಾಗುವುದು. ಮೈಸೂರು ನಗರದ ಹಳೆಯ ಅಗ್ರಹಾರಗಳಲ್ಲಿಯೂ ಮೊಹಲ್ಲಗಳಲ್ಲಿಯೂ ಮನೆಗಳು ಒತ್ತಾಗಿ ನಿಂತಿರುವೆಡೆಗಳಲ್ಲಿ, ಹಿತ್ತಲಿಗೂ ಬಾವಿಗೂ ಒಳಮನೆಗಳಿಗೂ ಹೋಗುವ ಓಣಿಗಳ ಮೇಲೆ ಇಂತಹ ವ್ಯಾಜ್ಯಗಳು ತಂದೆಯಿಂದ ಮಗನಿಗೆ ಆಸ್ತಿಯಂತೆಯೇ ಇಳಿದು ಬರುವುದನ್ನು ಈ ಊರಿನ ಹಿರಿಯರು ಬಲ್ಲರು.

ಇಂತಹ ವ್ಯಾಜ್ಯವು ನ್ಯಾಯಸ್ಥಾನಕ್ಕೆ ಬಂದಾಗ ಸಾಮಾನ್ಯವಾಗಿ ಮೊದಲು ಏಳುವ ಪ್ರಶ್ನೆಯು, ಈ ನೆಲವು ಯಾರ ಸ್ವತ್ತು ಎಂಬುದು. ಉಭಯಪಕ್ಷದವರೂ ಪತ್ರಗಳನ್ನು ತಂದಿಡುವರು; ಚಕ್ಕುಬಂದಿಗಳನ್ನು ಓದುವರು; ಅಳತೆ ಮಾಡುವವರು ಬಂದು ಅಳೆಯುವರು. ನಮ್ಮ ಪ್ರಾಚೀನ ವ್ಯವಹಾರಗ್ರಂಥಗಳನ್ನು ಪರಿಶೀಲಿಸಿದರೆ, ಹಾದಿಯ ವಿಷಯದಲ್ಲಿ ಈ ಪ್ರಶ್ನೆಗೆ ಅಗ್ರಸ್ಥಾನವಿರಲಿಲ್ಲವೆಂದು ಕಂಡುಬರುವುದು. ಅಲ್ಲಿ ಯಾರು ನಡೆದರು, ನಡೆದುದನ್ನು ಯಾರು ಕಂಡರು ಎಂಬುದೇ ಪ್ರಧಾನ. ಈ ಅಭಿಪ್ರಾಯವು ಮೂರು ಶಬ್ದಗಳಲ್ಲಿ ಅಡಗಿದೆ: ಪ್ರಚಾರ, ಮರ್ಯಾದೆ, ಸಾಮಂತ. ಮೂರೂ ಈಗಿನ ಕನ್ನಡದಲ್ಲಿ ಬಳಕೆಯಲ್ಲಿವೆ. ಮೂರೂ ನೆಲದ ಸಂಬಂಧವನ್ನು ಬಹುಮಟ್ಟಿಗೆ ಕಳೆದುಕೊಂಡಿವೆ. ಶಬ್ದಗಳು ಕಳೆದುಕೊಂಡ ಅರ್ಥವನ್ನು ಹುಡುಕಿದರೆ ಓಣಿಗಳು ಕಳೆದುಹೋದ ಬಗೆಯೂ ಸ್ವಲ್ಪಮಟ್ಟಿಗೆ ತಿಳಿಯಬಹುದೆಂಬುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಮೈಸೂರು ಉಚಿತವಾದ ಸ್ಥಳವೇ ಆಗಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು ಈ ನಗರದ ಪ್ರಾಚ್ಯಕೋಶಾಗಾರಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಯಿಂದ ೧೯೦೯ರಲ್ಲಿ ಮುದ್ರಿತವಾಗಿ ಲೋಕಕ್ಕೆ ತಿಳಿಯಿತು. ದೇವಣ್ಣಭಟ್ಟನ ಸ್ಮೃತಿಚಂದ್ರಿಕೆಯೂ ಇಲ್ಲಿಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ಮಿತಾಕ್ಷರೆಯಂತೂ ಕನ್ನಡನಾಡಿನ ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನಿಂದ ರಚಿತವಾದುದು.

೧. ಪ್ರಚಾರ

ದಾಯವಿಭಾಗದ ಪ್ರಕರಣದಲ್ಲಿ, ಸೋದರರು ಹಂಚಿಕೊಳ್ಳಬಾರದ ವಸ್ತುಗಳ ಒಂದು ಪಟ್ಟಿಯನ್ನು ಮನುವು ಕೊಟ್ಟಿದ್ದಾನೆ. ಉಟ್ಟ ಬಟ್ಟೆ, ವಾಹನ, ತೊಟ್ಟ ಒಡವೆ, ಬೇಯಿಸಿದ ಅನ್ನ, ನೀರು ಮುಂತಾದವುಗಳ ಕೊನೆಯಲ್ಲಿ ‘ಪ್ರಚಾರ’ ಎಂಬ ಮಾತು ಬರುತ್ತದೆ. ಇದು ದನಕರುಗಳು ಓಡಾಡುವ ಹಾದಿಯೆಂದು ಕೆಲವರು ವ್ಯಾಖ್ಯಾನಿಸಿರುವರು. ವಿಜ್ಞಾನೇಶ್ವರನು ಇನ್ನೂ ವ್ಯಾಪಕವಾದ ಅರ್ಥವನ್ನು ಹಿಡಿದು, ಮನೆ ತೋಟ ಮೊದಲಾದವುಗಳಿಗೆ ಹೊಗುವ ಮತ್ತು ಹೊರಡುವ ಮಾರ್ಗವೇ ಪ್ರಚಾರವೆಂದೂ, ಅದು ಅವಿಭಾಜ್ಯವೆಂದೂ ನಿರ್ಣಯಿಸಿದ್ದಾನೆ. ನೀರನ್ನು ಹಂಚಿದರೆ ಬಾವಿಯು ಬಾವಿಯಾಗಿ ಉಳಿಯದು; ಹಾದಿಯನ್ನು ಹಂಚಿದರೆ ಹಾದಿಯು ಹಾದಿಯಾಗಿ ಉಳಿಯದು. ವಸ್ತುವಿನ ಸ್ವರೂಪವೇ ವಿಭಾಗವನ್ನು ಸಹಿಸದೆಂಬುದು ಇಲ್ಲಿಯ ಹೃದಯ.

ಇಲ್ಲಿ ಒಂದು ಆಕ್ಷೇಪವುಂಟು. ಬೃಹಸ್ಪತಿಯು ಅವಿಭಾಜ್ಯವಸ್ತುಗಳ ಈ ಪಟ್ಟಿಯನ್ನು ಒಪ್ಪದೆ, ಬಾವಿಯ ನೀರನ್ನು ಸೇದಿ ಬಳಸುವಂತೆ ಪ್ರಚಾರವನ್ನೂ ದಾಯಾದರು ತಮ್ಮ ತಮ್ಮ ಅಂಶಕ್ಕೆ ತಕ್ಕಂತೆ ಅನುಭವಿಸಬೇಕೆಂದು ಹೇಳುತ್ತಾನಲ್ಲವೆ? ಹಾಗಾದರೆ ಹಾದಿಯೂ ವಿಭಾಜ್ಯವಾಯಿತೆಂದು ಶಂಕಿಸಬಾರದು. ಬೃಹಸ್ಪತಿಯು ಹಂಚುವುದು ಉಪಯೋಗವನ್ನು, ನೆಲವನ್ನಲ್ಲ. ಹಾದಿಯ ನಡುವೆ ಗೋಡೆಯನ್ನಿಡಲು ಅವನಲ್ಲಿಯೂ ಅವಕಾಶವು ಕಾಣದು. ಆದುದರಿಂದ ಇಬ್ಬರ ಮತವೂ ಫಲದಲ್ಲಿ ಒಂದೇ ಆಗುವುದು.

ಶಾಸ್ತ್ರಪರಿಚಿತರಾದ ದೇವದತ್ತ ಯಜ್ಞದತ್ತರನ್ನೇ ಸೋದರರೆಂದು ಇಟ್ಟುಕೊಂಡು ಇದನ್ನು ವಿಶದಪಡಿಸಬಹುದು. ಅಗ್ರಹಾರದ ತಂದೆಯ ಮನೆಯಲ್ಲಿ ಬೀದಿಯ ಕಡೆಯ ಅಂಕಣಗಳು ದೇವದತ್ತನಿಗೂ, ಹಿಂದಣ ಅಂಕಣಗಳೂ ಹಿತ್ತಲೂ ಯಜ್ಞದತ್ತನಿಗೂ ಬಂದುವು. ಪಕ್ಕದ ಓಣಿಯು ದೇವದತ್ತನ ಚಕ್ಕುಬಂದಿಯೊಳಗೆ ಸೇರಿಹೋಯಿತು. ಸೋದರರಿಬ್ಬರೂ ಜೀವಿಸಿರುವವರೆಗೆ ಯಜ್ಞದತ್ತನ ಮನೆಯವರು ಓಣಿಯಲ್ಲಿ ನಡೆದರು. ಕೇಳುವವರೂ ಇರಲಿಲ್ಲ, ಕೇಳಬೇಕೆಂದು ತೋರಲೂ ಇಲ್ಲ. ಮೊಮ್ಮಕ್ಕಳ ಕಾಲಕ್ಕೆ ಮುಂದಣ ಮನೆಯು ಪರರಿಗೆ ವಿಕ್ರಯವಾಯಿತು. ಕೊಂಡವನು ಪತ್ರವನ್ನು ಓದಿದನು, ಓಣಿಗೆ ಬಾಗಿಲಿಟ್ಟು ಬೀಗ ಹಾಕಿದನು. ಅವನು ದುಷ್ಟನೇನೂ ಅಲ್ಲ. ಪತ್ರವು ಅವನಿಗೆ ಹೇಳಿದಷ್ಟನ್ನು ನಂಬಿದನು. ತಪ್ಪು ನಡೆದುದು ಎರಡು ತಲೆಮಾರುಗಳ ಹಿಂದೆ, ವಿಭಾಗಪತ್ರವನ್ನು ಬರೆದ ದಿನ. ಅವಿಭಾಜ್ಯವಾದುದನ್ನು ಅಂದು ಒಂದು ಭಾಗದೊಳಗೆ ಸೇರಿಸಿಬಿಟ್ಟರು.

ಆಧುನಿಕಶಾಸನವೂ ಈ ಸ್ಥಳದಲ್ಲಿ ವಿಜ್ಞಾನೇಶ್ವರನಿಗೆ ವಿರುದ್ಧವಾಗಿಲ್ಲ. ವಕೀಲರು ಈಸ್‌ಮೆಂಟೆಂದು ಕರೆಯುವ ಅನುಭೋಗದ ಹಕ್ಕನ್ನು ಕುರಿತ ೧೮೮೨ರ ಅಧಿನಿಯಮವು ಮೊದಲು ಮದ್ರಾಸು, ಮಧ್ಯಪ್ರಾಂತ, ಕೊಡಗು ಈ ಸೀಮೆಗಳಿಗೆ ಅನ್ವಯಿಸಿತು. ಅದರ ೧೩ನೆಯ ಪ್ರಕರಣದಂತೆ, ಅವಿಭಕ್ತವಾದ ಸ್ವತ್ತು ವಿಭಾಗವಾದಾಗ ಒಬ್ಬನ ಭಾಗವನ್ನು ಅನುಭವಿಸಲು ಇನ್ನೊಬ್ಬನ ಭಾಗದ ಮೇಲೆ ಹಾದಿಯು ಅನಿವಾರ್ಯವಾಗಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ಆ ಹಾದಿಯ ಹಕ್ಕು ಅವನಿಗೆ ಸಲ್ಲುವುದು. ಆದರೆ ಒಂದು ಭೇದವನ್ನು ಮರೆಯಬಾರದು. ಶಾಸನದ ದೃಷ್ಟಿಯಲ್ಲಿ ನೆಲವು ದೇವದತ್ತನದು, ಯಜ್ಞದತ್ತನಿಗೆ ಅದರ ಮೇಲೆ ನಡೆಯುವ ಹಕ್ಕು ಮಾತ್ರ. ಮಿತಾಕ್ಷರೆಯ ದೃಷ್ಟಿಯಲ್ಲಿ ಆ ನೆಲವು ವಿಭಾಗಕ್ಕೇ ಬರಲಿಲ್ಲ. ಮೊದಲನೆಯದರಲ್ಲಿ ನಡೆಯುವವನು ಪರರ ನೆಲದಲ್ಲಿ ನಡೆಯುತ್ತಾನೆ. ಎರಡನೆಯದರಲ್ಲಿ ಇಬ್ಬರೂ ತಮ್ಮ ನೆಲದಲ್ಲಿಯೇ ನಡೆಯುತ್ತಾರೆ.

೨. ಮರ್ಯಾದೆ

ಸೀಮಾವಿವಾದದ ಪ್ರಕರಣದಲ್ಲಿ ಯಾಜ್ಞವಲ್ಕ್ಯನು ಮರ್ಯಾದೆಯನ್ನು ಒಡೆಯುವುದು, ಸೀಮೆಯನ್ನು ಮೀರುವುದು, ಕ್ಷೇತ್ರವನ್ನು ಅಪಹರಿಸುವುದು ಎಂಬ ಮೂರು ಅಪರಾಧಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾನೆ. ಇಲ್ಲಿ ‘ಮರ್ಯಾದೆ’ ಎಂದರೇನು? ಅನೇಕ ಹೊಲಗಳನ್ನು ಒಂದರಿಂದೊಂದು ಬೇರ್ಪಡಿಸುವ, ಎಲ್ಲರಿಗೂ ಸಾಧಾರಣವಾದ ನೆಲವೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ. ಅರ್ಥಾತ್ ಅದು ಕೇವಲ ಗೆರೆಯಲ್ಲ. ಅಗಲವುಳ್ಳ, ಕಾಲಿಡಬಹುದಾದ ಭೂಮಿ. ನಮ್ಮ ರೈತರು ಬದುವೆಂದು ಕರೆಯುವುದು ಇದನ್ನೇ. ಬದುವಿನ ಮೇಲೆ ಹಾದಿಯಿರುವುದು ಎಲ್ಲರೂ ಕಂಡ ಸಂಗತಿ.

ಈ ಮೂರು ಅಪರಾಧಗಳಿಗೆ ಕ್ರಮವಾಗಿ ಅಧಮ, ಉತ್ತಮ, ಮಧ್ಯಮವೆಂಬ ದಂಡಗಳು ವಿಹಿತವಾಗಿವೆ. ಸೀಮೆಯನ್ನು ಮೀರಿದವನಿಗೆ ಹೊಲವನ್ನೇ ಅಪಹರಿಸಿದವನಿಗಿಂತ ಹೆಚ್ಚಿನ ದಂಡವೆಂಬುದು ಮೊದಲು ಆಶ್ಚರ್ಯವನ್ನುಂಟುಮಾಡುವುದು. ಹೊಲವು ಅಪಹೃತವಾದರೆ ನಷ್ಟವು ಒಬ್ಬನಿಗೆ, ಅದು ಕಣ್ಣಿಗೂ ಕಾಣುವುದು. ಸೀಮೆಯು ಅಳಿದರೆ ಸುತ್ತಲಿನವರೆಲ್ಲರ ಸ್ವಾಮ್ಯವೂ ಸಂಶಯಗ್ರಸ್ತವಾಗುವುದು. ದಂಡದ ತಾರತಮ್ಯಕ್ಕೆ ಇದೇ ಕಾರಣವಿರಬೇಕೆಂದು ನನಗೆ ತೋರುತ್ತದೆ.

ಹಾದಿಯನ್ನು ತಡೆದವನ ದಂಡವನ್ನು ಕೌಟಿಲ್ಯನು ಸ್ಪಷ್ಟವಾಗಿ ಗೊತ್ತುಮಾಡಿದ್ದಾನೆ. ಮನುಷ್ಯರೂ ಸಣ್ಣ ಪಶುಗಳೂ ನಡೆಯುವ ಹಾದಿಯನ್ನು ತಡೆದರೆ ೧೨ ಪಣ. ದೊಡ್ಡ ಪಶುಗಳ ಹಾದಿಯಾದರೆ ೨೪. ಆನೆಯ ಅಥವಾ ಹೊಲದ ಹಾದಿಯಾದರೆ ೫೪. ಶ್ಮಶಾನಕ್ಕೂ ಗ್ರಾಮಕ್ಕೂ ಹೋಗುವ ಹಾದಿಯಾದರೆ ೨೦೦. ಇನ್ನೊಂದು ಅಧಿಕರಣದಲ್ಲಿ ಹಾದಿಗಳ ಅಗಲವನ್ನೂ ಹೇಳಿದ್ದಾನೆ: ಮನುಷ್ಯಪಥಕ್ಕೆ ೨ ಅರತ್ನಿ, ಪಶುಪಥಕ್ಕೆ ೪, ರಥಪಥಕ್ಕೆ ೫. ಅರತ್ನಿಯನ್ನು ಸುಮಾರು ಒಂದೂವರೆ ಅಡಿಯೆಂದು ಎಣಿಸಿದರೆ ಮನುಷ್ಯಪಥವು ಮೂರಡಿಯಾಗುವುದು. ನಮ್ಮ ನಗರದ ಹಳೆಯ ಓಣಿಗಳಲ್ಲಿ ಕೊಡವನ್ನು ಹೊತ್ತವಳು ಗೋಡೆಗೆ ತಾಗದಂತೆ ನಡೆಯಲು ಬೇಕಾದ ಅಗಲವೂ ಹೆಚ್ಚುಕಡಮೆ ಇಷ್ಟೆ. ಈ ಎಲ್ಲ ದಂಡಗಳಲ್ಲಿಯೂ ತಡೆದವನು ನೆಲದ ಒಡೆಯನೋ ಅಲ್ಲವೋ ಎಂಬ ವಿಕಲ್ಪವನ್ನು ಕೌಟಿಲ್ಯನು ಎತ್ತುವುದಿಲ್ಲವೆಂಬುದು ಗಮನಾರ್ಹ.

ಸ್ಮೃತಿಚಂದ್ರಿಕೆಯೇ ಮೊದಲಾದ ನಿಬಂಧಗಳಲ್ಲಿ ಉದಾಹೃತವಾದ ಬೃಹಸ್ಪತಿಯ ಮತವೂ ಇದಕ್ಕೆ ಪೋಷಕವಾಗಿದೆ. ಜನರೂ ಪಶುಗಳೂ ಯಾರ ತಡೆಯೂ ಇಲ್ಲದೆ ಬಂದು ಹೋಗುವ ಮಾರ್ಗಕ್ಕೆ ಅವನು ‘ಸಂಸರಣ’ವೆಂದು ಹೆಸರಿಟ್ಟು, ಅದನ್ನು ಯಾರೂ ನಿರೋಧಿಸಬಾರದೆಂದು ವಿಧಿಸಿದ್ದಾನೆ. ಇಲ್ಲಿ ಮಾರ್ಗದ ಲಕ್ಷಣವೇ ನಡಿಗೆ. ಸ್ವಾಮಿಯ ಹೆಸರು ಲಕ್ಷಣದಲ್ಲಿ ಸೇರಿಲ್ಲ.

ಕನ್ನಡ ಶಾಸನಗಳಲ್ಲಿ ಮರ್ಯಾದೆಯೆಂಬ ಶಬ್ದವು ಹಿಂದಿನಿಂದ ನಡೆದುಬಂದ ಕಟ್ಟಳೆಯೆಂಬ ಅರ್ಥದಲ್ಲಿ ಬರುವುದು. ಪೂರ್ವಮರ್ಯಾದೆಯೆಂಬ ಮಾತು ಶಾಸನಪಾಠಕರಿಗೆ ಪರಿಚಿತವಾದುದು. ಮುಂದೆ ಅದು ಗೌರವಕ್ಕೆ ಪರ್ಯಾಯವಾಯಿತು. ಭೂಮಿಯ ಮೇಲಣ ಎಲ್ಲೆಯು ನಡತೆಯ ಎಲ್ಲೆಯಾಗಿ, ನಡತೆಯ ಎಲ್ಲೆಯು ಮಾನವಾಗಿ ಪರಿಣಮಿಸಿತೆಂದು ಹೇಳಬಹುದು. ಓಣಿಯ ವ್ಯಾಜ್ಯಗಳಲ್ಲಿ ಉಭಯಪಕ್ಷದವರೂ ನೆಲಕ್ಕಿಂತ ಹೆಚ್ಚಾಗಿ ತಮ್ಮ ‘ಮರ್ಯಾದೆ’ಗಾಗಿ ಹೋರಾಡುತ್ತಿರುವೆವೆಂದು ಹೇಳುವುದುಂಟು. ಅವರು ಅರಿಯದೆಯೇ ಶಬ್ದದ ಮೂಲಾರ್ಥವನ್ನು ನುಡಿಯುತ್ತಿರುವರು; ಆದರೆ ಆ ಅರ್ಥದಲ್ಲಿ ಮರ್ಯಾದೆಯು ಒಬ್ಬನಿಗೆ ಸೇರಿದುದಲ್ಲ, ಇಬ್ಬರಿಗೂ ಸಾಧಾರಣವಾದುದು.

೩. ಸಾಮಂತ

ಹಾದಿಯು ಯಾರ ನಡಿಗೆಯಿಂದ ಹಾದಿಯಾಯಿತೆಂಬುದೇ ಮುಖ್ಯವಾದರೆ, ಆ ನಡಿಗೆಗೆ ಪ್ರಮಾಣವೇನು? ವಾಸ್ತುವಿನ ವಿವಾದಗಳನ್ನು ಸಾಮಂತರ ಮಾತಿನಿಂದ ತೀರ್ಮಾನಿಸಬೇಕೆಂದು ಕೌಟಿಲ್ಯನು ಆರಂಭದಲ್ಲಿಯೇ ಹೇಳುತ್ತಾನೆ. ಕನ್ನಡದ ವಿದ್ಯಾರ್ಥಿಗಳಿಗೆ ಸಾಮಂತನೆಂದೊಡನೆ ನೆನಪಾಗುವವನು ಚಕ್ರವರ್ತಿಗೆ ಕಪ್ಪವನ್ನೊಪ್ಪಿಸುವ ಮಾಂಡಲಿಕನು. ವ್ಯವಹಾರಗ್ರಂಥಗಳ ಸಾಮಂತನಾದರೋ ಸುತ್ತಲೂ ಇರುವವನು, ಎಂದರೆ ನೆರೆಯವನು. ರಾಜ್ಯದ ಅಂಚಿನಲ್ಲಿದ್ದ ನೆರೆಯ ಅರಸನೇ ಕ್ರಮೇಣ ಅಧೀನನಾದ ಅರಸನಾಗಿ, ಶಾಸನಗಳಲ್ಲಿ ಮಹಾಸಾಮಂತನೆಂಬ ಬಿರುದನ್ನು ಧರಿಸಿದನು. ನೆರೆಮನೆಯ ಸಾಮಂತನನ್ನು ಭಾಷೆಯು ಮರೆಯಿತು.

ಯಾಜ್ಞವಲ್ಕ್ಯನ ಸೀಮಾಸಾಕ್ಷಿಗಳ ಪಟ್ಟಿಯು ವಿಚಾರಾರ್ಹವಾಗಿದೆ. ನೆರೆಯವರು, ಮುದುಕರು, ಗೋವಳರು, ಎಲ್ಲೆಯ ಬಳಿ ಉಳುವವರು, ಕಾಡಿನಲ್ಲಿ ತಿರುಗುವವರು: ಇವರು ಸಾಕ್ಷಿಗಳು. ಇವರಿಗೆ ಅಕ್ಷರವು ಬರಬೇಕೆಂಬ ನಿಯಮವಿಲ್ಲ. ಆ ನೆಲದಲ್ಲಿ ಕಾಲಾಡಿಸಿರಬೇಕೆಂಬ ನಿಯಮವಿದೆ. ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಮಾಲೆಯನ್ನೂ ಕೆಂಪು ಬಟ್ಟೆಯನ್ನೂ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು, ಎಲ್ಲೆಯುದ್ದಕ್ಕೂ ನಡೆದು ತೋರಿಸಬೇಕು. ಸುಳ್ಳಾಡಿದವರಿಗೆ ಒಬ್ಬೊಬ್ಬರಿಗೂ ಮಧ್ಯಮಸಾಹಸದಂಡ. ಇದೇ ವಿಧಿಯು ಮನೆಗಳಿಗೂ ಮಳೆಯ ನೀರು ಹರಿಯುವ ಕಾಲುವೆಗಳಿಗೂ ಸಲ್ಲುವುದೆಂದು ಯಾಜ್ಞವಲ್ಕ್ಯನು ಅತಿದೇಶಮಾಡಿದ್ದಾನೆ. ಸಾಕ್ಷ್ಯವೆಂಬುದು ಇಲ್ಲಿ ನುಡಿಯಲ್ಲ, ನಡೆ.

ಸಾಕ್ಷಿಗಳು ಸಾಯುವರಲ್ಲವೆ ಎಂಬ ಶಂಕೆಗೂ ಸ್ಮೃತಿಕಾರರು ಪರಿಹಾರವನ್ನು ಕಂಡಿದ್ದರು. ಕೊಳೆಯದ ಇದ್ದಲು, ಹೊಟ್ಟು, ಎಲುಬು, ಹರಳು ಮುಂತಾದವುಗಳನ್ನು ಎಲ್ಲೆಯಲ್ಲಿ ಹುಗಿಯುವುದು ಒಂದು; ಹಿರಿಯರು ಆ ಗುರುತುಗಳನ್ನು ಮಕ್ಕಳಿಗೆ ತೋರಿಸುವುದು, ಆ ಮಕ್ಕಳು ಮುದುಕರಾದಾಗ ತಮ್ಮ ಮಕ್ಕಳಿಗೆ ತೋರಿಸುವುದು ಎಂಬ ಬೃಹಸ್ಪತಿಯ ವಿಧಿಯು ಇನ್ನೊಂದು. ಪರಂಪರೆಯಿಂದ ಬಂದ ಈ ಅರಿವಿದ್ದರೆ ಎಲ್ಲೆಯ ವಿಷಯದಲ್ಲಿ ಭ್ರಾಂತಿಯೇ ಹುಟ್ಟದೆಂದು ಅವನ ಆಶಯ.

ನಮ್ಮ ನಾಡಿನ ದಾನಶಾಸನಗಳ ಸೀಮಾವಿವರಣೆಯು ಈ ಪರಂಪರೆಯ ಬರಹದ ರೂಪವೇ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕುಗಳನ್ನು ಹಿಡಿದು, ನೆಟ್ಟ ಕಲ್ಲು, ಹುತ್ತ, ಮರ, ಕೆರೆಯ ಕೋಡಿ, ಹೆದ್ದಾರಿ ಇವುಗಳನ್ನು ಒಂದೊಂದಾಗಿ ಹೇಳುತ್ತ ಹೋಗುವ ಆ ಗದ್ಯವನ್ನು ಓದಿದರೆ, ಬರೆದವನು ಎಲ್ಲೆಯನ್ನು ನಡೆದು ಬಂದಂತೆ ತೋರುವುದು. ದಾನದೊಡನೆ ಕೊಡುವ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದವು ಎಣಿಕೆಯಾಗಿವೆ. ಹಾದಿಯು ಆ ಎಂಟರಲ್ಲಿ ಸೇರಿಲ್ಲ. ಇಂತಹ ಸೀಮಾವಿವರಣೆಗಳಲ್ಲಿ ಹಾದಿಯು ಬರುವುದು ಭೋಗವಸ್ತುವಾಗಿ ಅಲ್ಲ, ಎಲ್ಲೆಯಾಗಿ.

೪. ಭುಕ್ತಿ ಮತ್ತು ಉಪೇಕ್ಷೆ

ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ಕಂಡೂ ಸುಮ್ಮನಿರುವವನಿಗೆ ೨೦ ವರ್ಷಗಳಲ್ಲಿ ಹಾನಿಯುಂಟಾಗುವುದೆಂದು ಯಾಜ್ಞವಲ್ಕ್ಯನ ವಚನವು ಹೇಳುವುದು. ವಿಜ್ಞಾನೇಶ್ವರನು ಇಲ್ಲಿ ಬಹು ಸೂಕ್ಷ್ಮವಾಗಿ ವಿಚಾರಮಾಡುತ್ತಾನೆ. ದಾನವೋ ವಿಕ್ರಯವೋ ಆದರೆ ಸ್ವತ್ವವು ಹೋಗುವುದು ಲೋಕಸಿದ್ಧ; ಸುಮ್ಮನಿರುವುದು ಮಾತ್ರದಿಂದ ಸ್ವತ್ವವು ಹೋಗುವುದೆಂಬುದು ಲೋಕದಲ್ಲಿಯೂ ಇಲ್ಲ, ಶಾಸ್ತ್ರದಲ್ಲಿಯೂ ಇಲ್ಲ. ಆದುದರಿಂದ ಹಾನಿಯು ಫಲಕ್ಕೆ, ಭೂಮಿಗಲ್ಲವೆಂದು ಅವನ ಸಿದ್ಧಾಂತ. ಇದಲ್ಲದೆ, ಇಪ್ಪತ್ತು ವರ್ಷಗಳ ನಿಯಮಕ್ಕೆ ಯಾಜ್ಞವಲ್ಕ್ಯನೇ ಅಪವಾದಗಳನ್ನು ಹೇಳಿದ್ದಾನೆ. ಅಡವು, ಸೀಮೆ, ಬಾಲಕರ ಮತ್ತು ಜಡರ ಧನ, ರಾಜನ ಧನ, ಸ್ತ್ರೀಧನ ಮುಂತಾದವುಗಳಿಗೆ ಆ ನಿಯಮವು ಸಲ್ಲದು. ಸೀಮೆಯನ್ನೇಕೆ ಬಿಟ್ಟರು? ಇದ್ದಲು ಹೊಟ್ಟು ಮೊದಲಾದ ಗುರುತುಗಳಿಂದ ಸೀಮೆಯನ್ನು ಎಂದಾದರೂ ಸುಲಭವಾಗಿ ಸಾಧಿಸಬಹುದಾದುದರಿಂದ ಜನರು ಸಹಜವಾಗಿ ಅದನ್ನು ಉಪೇಕ್ಷಿಸುವರೆಂದು ಮಿತಾಕ್ಷರೆಯ ಸಮಾಧಾನ. ನಂಬಿಕೆಯಿಂದ ಹುಟ್ಟಿದ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದೆಂಬುದು ಇದರ ತಾತ್ಪರ್ಯ.

೧೮೮೨ರ ಅಧಿನಿಯಮದಲ್ಲಿಯೂ ೨೦ ವರ್ಷಗಳೆಂಬ ಅವಧಿಯೇ ಇರುವುದು. ಪರರ ನೆಲದಲ್ಲಿ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನವನಂತೆ, ಎಡೆಬಿಡದೆ ೨೦ ವರ್ಷ ನಡೆದವನ ಹಾದಿಯ ಹಕ್ಕು ಸ್ಥಿರವಾಗುವುದು. ಈ ಸಂಖ್ಯೆಯು ಇಂಗ್ಲೆಂಡಿನ ೧೮೩೨ರ ಶಾಸನದಲ್ಲಿಯೂ ಕಾಣುವುದರಿಂದ ಯಾಜ್ಞವಲ್ಕ್ಯನಿಗೂ ಇದಕ್ಕೂ ಸಂಬಂಧವನ್ನು ಕಲ್ಪಿಸಲಾಗದು. ಆದರೆ ಅದೇ ಅಧಿನಿಯಮದ ೪೭ನೆಯ ಪ್ರಕರಣದಂತೆ, ಇಂತಹ ಹಕ್ಕನ್ನು ೨೦ ವರ್ಷ ಎಡೆಬಿಡದೆ ಉಪಯೋಗಿಸದಿದ್ದರೆ ಅದು ಅಳಿದುಹೋಗುವುದು. ನಡೆದರೆ ಹಾದಿ, ನಡೆಯದಿದ್ದರೆ ಇಲ್ಲ. ಈ ಅಂಶದಲ್ಲಿ ಹಳೆಯ ಮತವೂ ಹೊಸ ಶಾಸನವೂ ನಡಿಗೆಗೇ ಪ್ರಾಧಾನ್ಯವನ್ನು ಕೊಡುವುವು. ಮೌನದ ವಿಷಯದಲ್ಲಿ ಮಾತ್ರ ಬೇರೆಯಾಗುವುವು.

೫. ಮೈಸೂರಿನ ಹಿತ್ತಲ ಗಲ್ಲಿಗಳು

ಈ ಭೇದವು ಎಷ್ಟು ದೂರ ಹೋಗಬಹುದೆಂಬುದಕ್ಕೆ ಮೈಸೂರು ನಗರದಲ್ಲಿಯೇ ಒಂದು ನಿದರ್ಶನವಿದೆ. ೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಿತು. ೧೯೦೩ರಲ್ಲಿ ನಗರದ ಸುಧಾರಣೆಗಾಗಿ ಒಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ, ಇಕ್ಕಟ್ಟಾದ ಕೇರಿಗಳು ಅಗಲವಾದುವು. ಹೊಸ ಬಡಾವಣೆಗಳು ಎದ್ದುವು. ೧೯೮೮ರಲ್ಲಿ ಈ ಬೋರ್ಡಿನ ಸ್ಥಾನಕ್ಕೆ ನಗರಾಭಿವೃದ್ಧಿ ಪ್ರಾಧಿಕಾರವು ಬಂದಿತು. ನಗರದ ಅನೇಕ ಬಡಾವಣೆಗಳಲ್ಲಿ ಬೆನ್ನುಬೆನ್ನಾಗಿ ನಿಂತ ಮನೆಗಳ ಎರಡು ಸಾಲುಗಳ ನಡುವೆ ಕಿರಿದಾದ ಹಾದಿಯೊಂದನ್ನು ಬಿಟ್ಟಿರುವರು. ಇದನ್ನು ಜನರು ಕನ್ಸರ್ವೆನ್ಸಿ ಗಲ್ಲಿಯೆಂದು ಕರೆಯುವರು.

ಈ ಗಲ್ಲಿಗಳ ಜನ್ಮವೃತ್ತಾಂತವು ನಮಗೆ ಹೆಮ್ಮೆಯದಲ್ಲ. ಒಳಚರಂಡಿಯಿಲ್ಲದ ಕಾಲದಲ್ಲಿ ಮಲವನ್ನು ಹೊತ್ತೊಯ್ಯುವ ಜನರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಇವು ಏರ್ಪಟ್ಟುವು. ಸರ್ವಜನರೂ ತಡೆಯಿಲ್ಲದೆ ನಡೆಯುವುದು ಸಂಸರಣವೆಂದು ಬೃಹಸ್ಪತಿಯ ಲಕ್ಷಣವನ್ನು ಪಾಠ ಹೇಳಿದ ನಮ್ಮವರೇ, ಆ ಸರ್ವಜನರಲ್ಲಿ ಕೆಲವರನ್ನು ಮುಂಬೀದಿಯಿಂದ ಹೊರಗಿಟ್ಟಿದ್ದರು. ಶಾಸ್ತ್ರವನ್ನು ಪ್ರಶಂಸಿಸುವವನು ಈ ಲೋಪವನ್ನೂ ಹೇಳಲೇಬೇಕು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ೧೯೭೦ರ ದಶಕದಲ್ಲಿ ನಿಷೇಧಿಸಿದರು; ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಇಡೀ ದೇಶದ ಮಟ್ಟದಲ್ಲಿ ಅಧಿನಿಯಮಗಳಾದುವು. ಒಳಚರಂಡಿಯು ಬಂದ ಮೇಲೆ ಗಲ್ಲಿಗೆ ಮೊದಲಿನ ಪ್ರಯೋಜನವು ಉಳಿಯಲಿಲ್ಲ.

ಆಗ ನಡೆದುದೇನು? ಗಲ್ಲಿಯಲ್ಲಿ ನಡೆಯುವವರು ಇಲ್ಲದಾದರು. ನಡೆಯುವವರಿಲ್ಲದ ಹಾದಿಗೆ ಸಾಕ್ಷಿಗಳೂ ಇಲ್ಲದಾದರು. ಹಲವೆಡೆ ಈ ಕಡೆಯವನು ಬಚ್ಚಲನ್ನು ಮುಂದಕ್ಕೆ ತಂದನು, ಆ ಕಡೆಯವನು ಸೌದೆಯ ಕೊಟ್ಟಿಗೆಯನ್ನು ಕಟ್ಟಿದನು. ಒಬ್ಬನು ಆಕ್ರಮಿಸಿದುದನ್ನು ಇನ್ನೊಬ್ಬನು ದೂರಿದನು. ದೂರಿದವನೂ ಆಕ್ರಮಿಸಿದ್ದನೆಂದು ಮೊದಲನೆಯವನು ಮರುದೂರನ್ನಿತ್ತನು. ಅವರಿಬ್ಬರಲ್ಲಿ ಯಾರೊಬ್ಬರಿಗೂ ಸೇರದ ನೆಲದ ಮೇಲೆ ಇಬ್ಬರೂ ಸ್ವಾಮ್ಯವನ್ನು ಹೂಡಿದರು. ಇದು ವಿಜ್ಞಾನೇಶ್ವರನು ಹೇಳಿದ ಮರ್ಯಾದಾಪ್ರಭೇದದ ಶುದ್ಧವಾದ ಉದಾಹರಣೆ: ಎರಡು ಸಾಲುಗಳನ್ನು ಬೇರ್ಪಡಿಸಿದ ಸಾಧಾರಣಭೂಮಿಯನ್ನು ಎರಡು ಕಡೆಯಿಂದಲೂ ಒಡೆದರು.

ಇಲ್ಲಿ ಕಾಲದ ಪ್ರಶ್ನೆಯು ತೀಕ್ಷ್ಣವಾಗುವುದು. ಸಾರ್ವಜನಿಕ ಬೀದಿಯಿಂದ ತಾನು ಅನುಭವಚ್ಯುತವಾದಾಗ ಅದನ್ನು ಮರಳಿ ಪಡೆಯಲು ಸ್ಥಳೀಯಸಂಸ್ಥೆಯು ದಾವೆ ಹೂಡುವುದಕ್ಕೆ ೧೯೬೩ರ ಕಾಲಪರಿಮಿತಿಯ ಅಧಿನಿಯಮವು ೩೦ ವರ್ಷಗಳ ಅವಧಿಯನ್ನು ಕೊಡುತ್ತದೆ. ಯಾಜ್ಞವಲ್ಕ್ಯನು ಸೀಮೆಯನ್ನೂ ರಾಜಧನವನ್ನೂ ಉಪೇಕ್ಷೆಯ ಹಾನಿಯಿಂದ ಹೊರಗಿಟ್ಟನು; ನಮ್ಮ ಕಾಲದ ಶಾಸನವು ನಗರದ ಮೌನಕ್ಕೆ ಒಂದು ಗಡುವನ್ನು ಇಟ್ಟಿದೆ. ಆ ಗಡುವು ಮೀರಿದ ಮೇಲೆ ಗುರುತುಗಳನ್ನು ಹುಡುಕಿ ಪ್ರಯೋಜನವೇನು?

೬. ಉಪಸಂಹಾರ

ಇದುವರೆಗಿನ ವಿಚಾರದ ಸಂಗ್ರಹವಿಷ್ಟು. ಸಾಧಾರಣಮಾರ್ಗದ ವ್ಯಾಜ್ಯಗಳಲ್ಲಿ ಸ್ವಾಮ್ಯದ ಪ್ರಶ್ನೆಯನ್ನೇ ಮೊದಲು ಎತ್ತುವುದರಿಂದ ಹಾದಿಯು ಹಾದಿಯೆಂಬ ಅಂಶವೇ ಮರೆಯಾಗುವುದು. ಪ್ರಚಾರವು ಅವಿಭಾಜ್ಯವೆಂದೂ, ಮರ್ಯಾದೆಯು ಸಾಧಾರಣವೆಂದೂ, ಸಾಮಂತನು ಸಾಕ್ಷಿಯೆಂದೂ ತಿಳಿದ ಸಮಾಜದಲ್ಲಿ ನೆರೆಯವನು ಮೊದಲು ಪ್ರಮಾಣನಾಗಿದ್ದನು, ಅನಂತರ ಪ್ರತಿವಾದಿ. ಈಗ ಪ್ರಮಾಣವು ಪತ್ರಕ್ಕೆ ಹೋಗಿ, ನೆರೆಯವನಿಗೆ ಪ್ರತಿವಾದಿಯ ಸ್ಥಾನವು ಮಾತ್ರ ಉಳಿದಿದೆ. ಪತ್ರವು ಬೇಡವೆಂದು ಯಾರೂ ಹೇಳಲಾರರು. ಆದರೆ ವಿಭಾಗಪತ್ರವನ್ನು ಬರೆಯುವವರು ಇಬ್ಬರ ಚಕ್ಕುಬಂದಿಗಳಿಂದಲೂ ಓಣಿಯನ್ನು ಹೊರಗಿಟ್ಟು, ಇದು ಉಭಯರಿಗೂ ಪ್ರಚಾರಭೂಮಿಯೆಂದು ಒಂದು ಪಂಕ್ತಿಯನ್ನು ಸೇರಿಸಿದರೆ, ಮೊಮ್ಮಕ್ಕಳ ಕಾಲದ ಎಷ್ಟೋ ವ್ಯಾಜ್ಯಗಳು ಹುಟ್ಟುವ ಮೊದಲೇ ಶಾಂತವಾಗುವುವು. ನೋಂದಣಿಯ ಕಾಗದದಲ್ಲಿ ಈ ಹಳೆಯ ಶಬ್ದಕ್ಕೆ ಸ್ಥಳವಿಲ್ಲದಿದ್ದರೆ ‘ಇಬ್ಬರೂ ನಡೆಯತಕ್ಕ ಹಾದಿ’ ಎಂದರೂ ಸಾಕು.

ಇದ್ದಲನ್ನು ಹುಗಿಯುವ ಕಾಲವು ಹೋಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ಎಲ್ಲೆಯನ್ನು ತೋರಿಸಬೇಕೆಂಬ ಬೃಹಸ್ಪತಿಯ ವಿಧಿಗೆ ಮಾತ್ರ ಕಾಲವು ಮೀರಿಲ್ಲ. ನಮ್ಮ ನಗರದ ಓಣಿಗಳಲ್ಲಿ ಯಾವುದು ಯಾರೆಲ್ಲರ ಹಾದಿಯೆಂಬುದನ್ನು ಬಲ್ಲ ವೃದ್ಧರು ಇನ್ನೂ ಕೆಲವರಿರುವರು. ಅವರ ಮಾತನ್ನು ಬರೆದಿಡುವ ಕಾರ್ಯವನ್ನು ನಗರದ ಚರಿತ್ರೆಯಲ್ಲಿ ಆಸಕ್ತರಾದ ವಿದ್ವಾಂಸರೂ ಉಪಾಧ್ಯಾಯರೂ ತಮ್ಮ ತಮ್ಮ ಬೀದಿಗಳಿಂದಲೇ ಆರಂಭಿಸಬೇಕೆಂದು ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.